ಅಟ್ಟದ ಮೇಲಿನ ಸರ್ವರ್‌ಗೆ ಹೊರಗಿನ ದನಿ ತಲುಪದಿದ್ದಾಗ

ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಕಣಿವೆಯೊಂದರ ಮನೆಯಿಂದ ಕಳೆದ ಮಳೆಗಾಲದಲ್ಲಿ ನನಗೆ ಕರೆ ಬಂದಿತ್ತು. ಮನೆಯ ಯಜಮಾನರು ತಾಳಮದ್ದಳೆಯ ಅರ್ಥಧಾರಿಗಳು. ಸಿದ್ದಾಪುರ, ಯಲ್ಲಾಪುರ, ಬೆಂಗಳೂರುಗಳಲ್ಲಿರುವ ಜೊತೆಗಾರರು ತಮ್ಮ ತಮ್ಮ ಮನೆಯಲ್ಲೇ ಕುಳಿತು ರಾತ್ರಿ ಅರ್ಥದ ಅಭ್ಯಾಸ ನಡೆಸಲಿ ಎಂದು ಅವರ ಮಗ ಅಟ್ಟದ ಮೇಲೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಅದರಲ್ಲಿ ಹಲವರು ಒಟ್ಟಿಗೆ ಮಾತಾಡಲು ಬಳಸುವ ಮಂಬಲ್ ಎಂಬ ತಂತ್ರಾಂಶದ ಸರ್ವರ್ ನಡೆಸುತ್ತಿದ್ದ. ಮನೆಯೊಳಗಿನ ಫೋನುಗಳಲ್ಲಿ ಎಲ್ಲವೂ ಸರಿಯಾಗಿತ್ತು. ಹೊರಗಿನವರಲ್ಲಿ ಒಬ್ಬರಿಗೂ ಸಂಪರ್ಕ ಸಿಗುತ್ತಿರಲಿಲ್ಲ. ಹುಡುಗ ನಾಲ್ಕು ದಿನ ರೂಟರ್‌ನಲ್ಲಿ, ಹೊರಗಿನಿಂದ ಒಂದು ಪೋರ್ಟಿಗೆ (ಸಂಖ್ಯೆಯಿರುವ ಬಾಗಿಲಿಗೆ) ಬಂದ ಕರೆಯನ್ನು ಒಳಗಿನ ಯಂತ್ರಕ್ಕೆ ಕಳಿಸುವ ಪೋರ್ಟ್ ಫಾರ್ವರ್ಡಿಂಗ್ ಪುಟವನ್ನು ತಿದ್ದಿದ್ದ, ಫೈರ್‌ವಾಲ್ ತೆಗೆದು ನೋಡಿದ್ದ, ಸರ್ವರ್ ಅನ್ನು ಎರಡು ಸಲ ಹೊಸದಾಗಿ ಹಾಕಿದ್ದ. ಅವನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೋಡಬೇಕಾದ ಒಂದು ಅಂಕಿಯನ್ನು ಮಾತ್ರ ಅವನು ನೋಡಿರಲಿಲ್ಲ.

ರೂಟರ್‌ನ ಸ್ಥಿತಿ ತೋರಿಸುವ ಪುಟದಲ್ಲಿ ವ್ಯಾನ್ ವಿಳಾಸ ಎಂಬ ಸಾಲೊಂದಿರುತ್ತದೆ; ಹೊರಜಾಲದ ಕಡೆಗೆ ರೂಟರ್‌ಗಿರುವ ವಿಳಾಸ ಅದು. ಈ ಮನೆಯಲ್ಲಿ ಅದು 100ರಿಂದ ಶುರುವಾಗಿ, ಎರಡನೆಯ ಅಂಕಿ 72 ಆಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್ನೆಟ್ ಪೂರೈಕೆದಾರರ ಒಳಜಾಲಕ್ಕೆಂದೇ ಮೀಸಲಿಡಲಾಗಿದೆ. ಹಳೆಯ ಮಾದರಿಯ (ಐಪಿವಿ4) ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಅವನ್ನು ಹಂಚುವ ಸಂಸ್ಥೆಯ ದಾಸ್ತಾನು 2011ರಲ್ಲೇ ಕೊನೆಯ ಪಾಲಿಗೆ ಬಂದು ನಿಂತಿತು. ಆದ್ದರಿಂದ ಪೂರೈಕೆದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಮನೆಯಿಂದ ಹೊರಗೆ ಹೋಗುವುದಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಹೊರಗಿನಿಂದ ತಾನಾಗಿ ಬರುವ ಕರೆ ಪೂರೈಕೆದಾರರ ಯಂತ್ರದಲ್ಲೇ ನಿಂತುಬಿಡುತ್ತದೆ, ಏಕೆಂದರೆ ಅದು ಯಾವ ಮನೆಗೆ ಸೇರಬೇಕೆಂದು ಆ ಯಂತ್ರಕ್ಕೆ ಯಾರೂ ಹೇಳಿಲ್ಲ. ನಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಅದು ಒಳಮನೆಯ ಬಾಗಿಲು ತೆರೆದಂತೆ. ಹೆಬ್ಬಾಗಿಲ ಅಗಣಿ ಬೇರೆಯವರ ಕೈಯಲ್ಲಿದೆ.

ಹಾಗಾಗಿ ಬೇರೆ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ವ್ಯಾನ್ ವಿಳಾಸವನ್ನು, ನಮ್ಮ ಐಪಿ ಯಾವುದೆಂದು ತಿಳಿಸುವ ಯಾವುದಾದರೂ ಜಾಲತಾಣ ತೋರಿಸುವ ವಿಳಾಸದೊಡನೆ ಹೋಲಿಸಿ ನೋಡಬೇಕು. ಎರಡೂ ಒಂದೇ ಆಗಿದ್ದರೆ ಕೆಲಸ ನಮ್ಮ ಕೈಯಲ್ಲಿದೆ. ಬೇರೆ ಬೇರೆಯಾಗಿದ್ದು, ವ್ಯಾನ್ ವಿಳಾಸ 192.168 ಎಂದು ಶುರುವಾಗಿದ್ದರೆ, ಬಹಳ ಸಲ ಪೂರೈಕೆದಾರರು ಕೊಟ್ಟ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿದ್ದು, ಅದರ ಹಿಂದೆ ನಾವು ಇನ್ನೊಂದನ್ನು ಜೋಡಿಸಿರುತ್ತೇವೆ. ಆಗ ಎರಡರಲ್ಲೂ ಪೋರ್ಟ್ ಫಾರ್ವರ್ಡ್ ಮಾಡಬೇಕು, ಇಲ್ಲವೇ ಮೊದಲನೆಯದು ರೂಟರ್ ಕೆಲಸ ಬಿಟ್ಟು ಬರೀ ಸೇತುವೆಯಾಗಿರುವ ಬ್ರಿಡ್ಜ್ ಮೋಡ್‌ಗೆ ಅದನ್ನು ಹಾಕಿಸಬೇಕು.

ಕರೆ ಪೂರೈಕೆದಾರರಲ್ಲೇ ನಿಲ್ಲುತ್ತಿದೆ ಎಂಬುದನ್ನು ಕಣ್ಣಾರೆ ತೋರಿಸದೆ ಹುಡುಗನಿಗೆ ಸಮಾಧಾನವಾಗುವಂತಿರಲಿಲ್ಲ. ಮನೆಯ ವೈಫೈಯಲ್ಲಿದ್ದುಕೊಂಡೇ ಮನೆಯ ಸಾರ್ವಜನಿಕ ವಿಳಾಸಕ್ಕೆ ಕರೆ ಮಾಡಿ ಪರೀಕ್ಷಿಸಿದರೆ ಪ್ರಯೋಜನವಿಲ್ಲ; ಒಳಗಿನಿಂದ ಹೊರಟ ಕರೆಯನ್ನು ತಿರುಗಿಸಿ ಒಳಕ್ಕೇ ತರುವುದು ಎಷ್ಟೋ ರೂಟರ್‌ಗಳಿಗೆ ಬರುವುದಿಲ್ಲ. ಪರೀಕ್ಷೆ ಮೊಬೈಲ್ ಡೇಟಾದಿಂದಲೇ ನಡೆಯಬೇಕು, ಆದರೆ ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಹುಡುಗ ಕೊಡೆ ಹಿಡಿದು ಮನೆಯ ಹಿಂದಿನ ಗುಡ್ಡ ಹತ್ತಿದ. ನಾನು ಅಟ್ಟದಲ್ಲಿ ಟಿಸಿಪಿಡಂಪ್ ಎಂಬ ತಂತ್ರಾಂಶ ಓಡಿಸಿ, ಸರ್ವರ್‌ನ 64738ನೇ ಪೋರ್ಟಿಗೆ ಬರುವ ಪ್ರತಿಯೊಂದು ಪ್ಯಾಕೆಟ್ (ದತ್ತಾಂಶದ ತುಣುಕು) ತೆರೆಯ ಮೇಲೆ ಕಾಣುವಂತೆ ಮಾಡಿಕೊಂಡು ಕುಳಿತೆ. ಅವನು ಮೇಲಿನಿಂದ ಕೂ ಹಾಕಿದ. ಕರೆ ಮಾಡಿದ್ದೇನೆಂಬುದು ಅದರ ಅರ್ಥ. ತೆರೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಮೂರು ಸಲ ಕೂ ಕೇಳಿತು, ಮೂರು ಸಲವೂ ತೆರೆ ಖಾಲಿಯೇ ಇತ್ತು. ಪ್ಯಾಕೆಟ್ ಮನೆಯ ತನಕ ಬಂದೇ ಇಲ್ಲವೆಂದ ಮೇಲೆ ಸರ್ವರ್ ಅನ್ನು ದೂರಿ ಫಲವಿಲ್ಲ.

ದಾರಿಗಳು ಮೂರು. ಪೂರೈಕೆದಾರರಿಗೆ ಶುಲ್ಕ ಕಟ್ಟಿ ಸ್ಥಿರ ಸಾರ್ವಜನಿಕ ಐಪಿ ಪಡೆಯುವುದು ಎಲ್ಲಕ್ಕಿಂತ ಸರಳ. ಹೊಸ ಮಾದರಿಯ ವಿಳಾಸವಾದ ಐಪಿವಿ6 ಸಿಗುವ ಕಡೆ ವಿಳಾಸದ ಕೊರತೆಯೇ ಇರುವುದಿಲ್ಲ, ರೂಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕು. ಆದರೆ ಸೇರುವ ಪ್ರತಿಯೊಬ್ಬರ ಬಳಿಯೂ ಐಪಿವಿ6 ಇರಬೇಕು. ಇವೆರಡೂ ಆಗದಿದ್ದರೆ ಮುಂಬೈಯಂಥ ಊರಿನಲ್ಲಿರುವ ಬಾಡಿಗೆ ಸರ್ವರ್ ಒಂದನ್ನು ಹಿಡಿದು, ಮನೆಯಿಂದ ಅದಕ್ಕೆ ವೈರ್‌ಗಾರ್ಡ್ ಎಂಬ ತಂತ್ರಾಂಶದಿಂದ ಖಾಸಗಿ ಸುರಂಗ ಹಾಕಿ, ಹೊರಗಿನವರ ಕರೆಯನ್ನು ಅದರ ಮೂಲಕ ಮನೆಗೆ ತರಬಹುದು. ಸುರಂಗ ಒಳಗಿನಿಂದ ಹೊರಕ್ಕೆ ಹೊರಡುವುದರಿಂದ ಹೆಬ್ಬಾಗಿಲು ಅದನ್ನು ತಡೆಯುವುದಿಲ್ಲ. 25 ಸೆಕೆಂಡಿಗೊಮ್ಮೆ ಒಂದು ಪ್ಯಾಕೆಟ್ ಹೋಗುವಂತೆ ಇಟ್ಟರೆ ದಾರಿ ಮುಚ್ಚಿಕೊಳ್ಳುವುದೂ ಇಲ್ಲ. ಈ ಮನೆಯವರು ಸ್ಥಿರ ಐಪಿಯನ್ನೇ ಆರಿಸಿಕೊಂಡರು.

ಹತ್ತು ದಿನಗಳ ನಂತರ ಮತ್ತೆ ಕರೆ ಬಂತು. ಈಗ ಎಲ್ಲರೂ ಸೇರುತ್ತಾರೆ, ಹೆಸರುಗಳು ಕಾಣುತ್ತವೆ, ಬರೆದ ಸಂದೇಶವೂ ತಲುಪುತ್ತದೆ; ಆದರೆ ಮಾತು ತುಂಡು ತುಂಡಾಗಿ ಬರುತ್ತದೆ ಎಂದರು. ಈ ಲಕ್ಷಣವನ್ನು ಕೇಳಿದೊಡನೆ ಯುಡಿಪಿಯನ್ನು ಸಂಶಯಿಸಬೇಕು. ಯುಡಿಪಿ, ಟಿಸಿಪಿ ಎಂಬುವು ಜಾಲದಲ್ಲಿ ಪ್ಯಾಕೆಟ್ ಸಾಗಿಸುವ ಎರಡು ವಿಧಾನಗಳು. ಮಂಬಲ್ ಒಂದೇ ಪೋರ್ಟ್ ಸಂಖ್ಯೆಯಲ್ಲಿ ಎರಡು ದಾರಿ ಬಳಸುತ್ತದೆ: ಪ್ರವೇಶ, ಹೆಸರು, ಸಂದೇಶಗಳು ಟಿಸಿಪಿಯಲ್ಲಿ, ಧ್ವನಿ ಯುಡಿಪಿಯಲ್ಲಿ. ಯುಡಿಪಿ ಮುಚ್ಚಿದ್ದರೆ ಮಂಬಲ್ ಸಂಪರ್ಕವನ್ನು ಕಡಿಯುವುದಿಲ್ಲ, ಧ್ವನಿಯನ್ನೂ ಟಿಸಿಪಿಯ ಒಳಗೇ ತುಂಬಿ ಕಳಿಸುತ್ತದೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅದು ಮತ್ತೆ ಬರುವ ತನಕ ಹಿಂದಿನವೆಲ್ಲ ಕಾಯಬೇಕು. ಕಾಲುಸಂಕದ ನಡುವೆ ಒಬ್ಬ ನಿಂತರೆ ಹೊರೆ ಹೊತ್ತ ಹಿಂದಿನವರೆಲ್ಲ ನಿಲ್ಲುವ ಹಾಗೆ. ಯುಡಿಪಿಯಲ್ಲಿ ಹೋದದ್ದು ಹೋಯಿತು, ಮುಂದಿನದು ಬರುತ್ತದೆ, ಕಿವಿಗೆ ಅದು ಗೊತ್ತೂ ಆಗುವುದಿಲ್ಲ. ಹುಡುಗ ರೂಟರ್‌ನಲ್ಲಿ ಟಿಸಿಪಿಯನ್ನು ಮಾತ್ರ ಆರಿಸಿದ್ದ. ಜಾಲತಾಣವೊಂದರಲ್ಲಿ ಪರೀಕ್ಷಿಸಿದಾಗ ಪೋರ್ಟ್ ತೆರೆದಿದೆ ಎಂದು ಬಂದಿದ್ದರಿಂದ ನಂಬಿದ್ದ. ಅಂಥ ಬಹುಪಾಲು ತಾಣಗಳು ಟಿಸಿಪಿಯನ್ನಷ್ಟೇ ನೋಡುತ್ತವೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಮಂಬಲ್ ತಾನು ಟಿಸಿಪಿಗೆ ಬದಲಾದಾಗ ಸಂದೇಶದ ಕಿಟಕಿಯಲ್ಲಿ ಒಂದು ಸಾಲು ಬರೆಯುತ್ತದೆ, ಅದನ್ನು ಯಾರೂ ಓದಿರಲಿಲ್ಲ. ಫೋನಿನಲ್ಲೇ ಹೇಳಿ ಎರಡನ್ನೂ ಆರಿಸಿಸಿದೆ. ಅಷ್ಟರಲ್ಲಿ ಆ ಕಡೆಯಿಂದ ಯಜಮಾನರ ದನಿ ಕೇಳಿತು: “ಈಗ ಕೇಳ್ತು, ಈಗ ಕೇಳ್ತು!”

ಅದೇ ಹೊತ್ತಿಗೆ ಪೈಯ ಒಳವಿಳಾಸವನ್ನು ರೂಟರ್‌ನಲ್ಲಿ ಕಾಯ್ದಿರಿಸಲು ಹೇಳಿದೆ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಅದಕ್ಕೆ ಬೇರೆ ವಿಳಾಸ ಸಿಕ್ಕಿ, ಪೋರ್ಟ್ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತದೆ. ಅಟ್ಟಕ್ಕೆ ವೈಫೈ ಬೇಡ, ಕೇಬಲ್ ಎಳೆಯಿರಿ ಎಂದೂ ಹೇಳಿದೆ.

ಯಜಮಾನರ ಕೊನೆಯ ದೂರು ಮಾತ್ರ ಯಾವ ಸೆಟ್ಟಿಂಗಿನಿಂದಲೂ ಪರಿಹಾರವಾಗುವಂಥದ್ದಲ್ಲ. ಭಾಗವತರು ಒಂದು ಊರಿನಿಂದ ಪದ ಹೇಳಿ, ಮದ್ದಳೆಯವರು ಇನ್ನೊಂದು ಊರಿನಲ್ಲಿ ನುಡಿಸಿದರೆ ತಾಳ ಕೂಡುತ್ತಿರಲಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ವಿಳಂಬದವರೆಗೆ ಸಂಭಾಷಣೆಗೆ ಅಡ್ಡಿಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ ಹೇಳುತ್ತದೆ. ಅರ್ಥಗಾರಿಕೆಗೆ ಅಷ್ಟು ಸಾಕು. ತಾಳಕ್ಕೆ ಅದರ ಕಾಲು ಭಾಗವೂ ಹೆಚ್ಚು. ಧ್ವನಿಯನ್ನು ತುಣುಕು ಮಾಡುವುದಕ್ಕೆ, ಕಳಿಸುವುದಕ್ಕೆ, ಆ ಕಡೆ ಜೋಡಿಸುವುದಕ್ಕೆ ಒಂದಿಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ. ಭಾಗವತರು, ಮದ್ದಳೆಯವರು ಒಂದೇ ಮನೆಯ ಜಗಲಿಯಲ್ಲಿ ಒಂದೇ ಮೈಕಿನ ಮುಂದೆ ಕೂರಲಿ, ಅರ್ಥಧಾರಿಗಳು ಎಲ್ಲಿದ್ದರೂ ಅಡ್ಡಿಯಿಲ್ಲ ಎಂದೆ. ಈಗ ಆ ಮನೆಯಲ್ಲಿ ಹಾಗೆಯೇ ನಡೆಯುತ್ತಿದೆ.