ಗುಲಗಂಜಿ ತೂಕದ ಮದ್ದು

ಜಮಖಂಡಿ ಕಡೆಯ ಕಬ್ಬು ಬೆಳೆಗಾರರೊಬ್ಬರು ಕೇಳಿದ್ದಾರೆ: "ಸರ್, ನನ್ನ ಕಡೆ ಲೈಸೆನ್ಸ್ ಇರೋ .32 ಪಿಸ್ತೂಲ್ ಐತಿ. ಕಾಡತೂಸು ಭಾಳ ತುಟ್ಟಿ. ಅಮೆರಿಕಾದವ್ರು ಮನ್ಯಾಗ ಕುಂತು ಖಾಲಿ ಕೇಸಿಗೆ ತಾವ ಮದ್ದು ತುಂಬಕೊಳ್ಳೋ ವಿಡಿಯೊ ನೋಡೀನಿ. ಅವ್ರ ಪಟ್ಟಿಯೊಳಗ ಒಂದೊಂದು ಗುಂಡಿಗೂ ಇಷ್ಟರಿಂದ ಇಷ್ಟರ ತನಕ ಅಂತ ಎರಡು ಅಂಕಿ ಇರ್ತಾವ. ಅದ್ರಾಗ ಯಾವುದು ಹಿಡೀಬೇಕು? ನಾವು ಇಲ್ಲಿ ಮಾಡಬಹುದೇನ್ರಿ?"

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದು ಚಿಕ್ಕದು. ಮಾಡಬೇಡಿ. ನಿಮ್ಮ ಕೈಯಲ್ಲಿರುವ ಪರವಾನಗಿ ಆಯುಧ ಕಾಯ್ದೆ 1959ರ 3ನೇ ಕಲಮಿನದು. ಪಿಸ್ತೂಲು ಮತ್ತು ಕಾಡತೂಸು ಇಟ್ಟುಕೊಳ್ಳುವುದಕ್ಕೆ ಮಾತ್ರ ಅದು. ತಯಾರಿಸುವ ವಿಷಯ 5ನೇ ಕಲಮಿನಲ್ಲಿದೆ, ಅದಕ್ಕೆ ಪರವಾನಗಿಯೇ ಬೇರೆ. ಖಾಲಿ ಕೇಸಿಗೆ (ಕಾಡತೂಸಿನ ಚಿಪ್ಪಿಗೆ) ಹೊಸ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ), ಮದ್ದು, ಗುಂಡು ಕೂಡಿಸಿ ಜೀವಂತ ಕಾಡತೂಸು ಮಾಡಿದರೆ ಅದನ್ನು ತಯಾರಿಕೆ ಅಲ್ಲ ಎಂದು ವಾದಿಸುವುದು ಬಹಳ ಕಷ್ಟ. 2019ರ ತಿದ್ದುಪಡಿ ಬಂದ ಮೇಲೆ 5ನೇ ಕಲಮು ಮುರಿದು ತಯಾರಿಸಿದವರಿಗೆ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಇನ್ನೊಂದು ಮಾತು ಅನೇಕರಿಗೆ ಗೊತ್ತಿಲ್ಲ. ಕಾಯ್ದೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ಕಾಡತೂಸು ಮಾತ್ರವಲ್ಲ, ಅದರ ಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಆ ವ್ಯಾಖ್ಯೆಯೊಳಗೇ ಬರುತ್ತವೆ. ಅಮೆರಿಕದಲ್ಲಿರುವ ಮಗ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಕಾಡತೂಸು ತುಂಬುವ ಒಂದು ಪ್ರೆಸ್ಸು, ಅದರ ನಾಲ್ಕು ಡೈ (ಅಚ್ಚು) ಹಾಕಿಕೊಂಡು ಬಂದರೆ ವಿಮಾನ ನಿಲ್ದಾಣದಲ್ಲೇ ಅವನ ಬದುಕು ಕೋರ್ಟಿನ ದಾರಿ ಹಿಡಿಯಬಹುದು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ, ಮಾರಲು ಬೇಕು. ಅವರ ಕಾನೂನು ಅದು. ವಿಡಿಯೊದಲ್ಲಿ ಆ ಕಾನೂನು ಕಾಣುವುದಿಲ್ಲ, ತಕ್ಕಡಿ ಮಾತ್ರ ಕಾಣುತ್ತದೆ.

ಹಾಗಂತ ಮೊದಲನೆಯ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಆ ಎರಡು ಅಂಕಿಗಳ ನಡುವೆ ಏನಿದೆ ಎಂದು ತಿಳಿದವರಿಗೆ ತಮ್ಮ ಕೈಯಲ್ಲಿರುವ ಪಿಸ್ತೂಲು ಏನೆಂದು ತಿಳಿಯುತ್ತದೆ. ಪರವಾನಗಿ ಇರುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ.

ಆ ಪಟ್ಟಿಗಳಲ್ಲಿ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ಬರೆದಿರುತ್ತಾರೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ಕೇಳಲು ಪರದೇಶದ ಅಳತೆ, ಆದರೆ ನಮ್ಮ ಸರಾಫ್ ಕಟ್ಟೆಗೆ ಇದರ ನಂಟು ಹಳೆಯದು. ಬ್ರಿಟಿಷರು ನಿಗದಿ ಮಾಡಿದ ತೊಲ ಸರಿಯಾಗಿ 180 ಗ್ರೇನ್. ಅಕ್ಕಸಾಲಿಗರು ತೂಗುತ್ತಿದ್ದ ಗುಲಗಂಜಿ ಆ ಲೆಕ್ಕದಲ್ಲಿ 2 ಗ್ರೇನಿಗೆ ತುಸು ಕಡಿಮೆ. ನಿಮ್ಮ .32 ಪಿಸ್ತೂಲಿನ ಸಾಮಾನ್ಯ ಗುಂಡು 71 ಗ್ರೇನ್, ಅಂದರೆ ಅರ್ಧ ತೊಲವೂ ಇಲ್ಲ. ಅದನ್ನು ನೂಕುವ ಮದ್ದು ಒಂದೆರಡು ಗುಲಗಂಜಿಯಷ್ಟೇ. ಮದ್ದು ತುಂಬುವವರ ತಕ್ಕಡಿ 0.1 ಗ್ರೇನ್ ತೋರಿಸುತ್ತದೆ, ಅಂದರೆ ಒಂದು ಗುಲಗಂಜಿಯ ಹತ್ತೊಂಬತ್ತನೇ ಒಂದು ಪಾಲು. ಅಷ್ಟು ಸಣ್ಣ ಪಾಲನ್ನು ಅವರು ಯಾಕೆ ಲೆಕ್ಕ ಹಿಡಿಯುತ್ತಾರೆ ಎಂಬುದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

ನಿಮ್ಮ ಊರಿನ ಸುತ್ತ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ಕರೆಂಟು ತಯಾರಿಸುವ ಕಾರ್ಖಾನೆಗಳ ಬಾಯ್ಲರುಗಳು ಚದರ ಸೆಂಟಿಮೀಟರಿಗೆ 67, 87, ಕೆಲವು 110 ಕೆಜಿ ಒತ್ತಡದಲ್ಲಿ ನಡೆಯುತ್ತವೆ. ಅದಕ್ಕೆ ಗೇಜು ಇದೆ, ಸೇಫ್ಟಿ ವಾಲ್ವ್ ಇದೆ, ವರ್ಷಕ್ಕೊಮ್ಮೆ ಬಂದು ನೋಡುವ ಬಾಯ್ಲರ್ ಇನ್‌ಸ್ಪೆಕ್ಟರ್ ಇದ್ದಾರೆ. .32 ಪಿಸ್ತೂಲಿನ ಕಾಡತೂಸಿಗೆ ಅಮೆರಿಕದ ತಯಾರಕರ ಸಂಸ್ಥೆ ಹಾಕಿರುವ ಒತ್ತಡದ ಮಿತಿ 20,500 ಪಿಎಸ್‌ಐ (ಚದರ ಇಂಚಿಗೆ ಪೌಂಡು), ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1,440 ಕೆಜಿ. 9 ಎಂಎಂ ಪಿಸ್ತೂಲಿನ ಕಾಡತೂಸಿಗೆ 35,000 ಪಿಎಸ್‌ಐ. ಬಾಯ್ಲರಿನ ಹತ್ತು ಇಪ್ಪತ್ತು ಪಟ್ಟು ಒತ್ತಡ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ನಿಮ್ಮ ಅಂಗೈಯ ಮೇಲೆ, ಮುಖದ ಎದುರಿಗೆ ಎದ್ದು ಇಳಿಯುತ್ತದೆ. ಅಲ್ಲಿ ಗೇಜಿಲ್ಲ, ವಾಲ್ವಿಲ್ಲ.

ಪಟ್ಟಿಯ ಮೇಲಿನ ಅಂಕಿ ಈ ಒತ್ತಡದ ಕಥೆ ಹೇಳುತ್ತದೆ. ಒತ್ತಡ ಅಳೆಯುವ ಸಾಧನ ಕೂಡಿಸಿದ ದಪ್ಪ ನಳಿಗೆಯಲ್ಲಿ ಪ್ರಯೋಗಾಲಯದವರು ಗುಂಡು ಹಾರಿಸಿ, ಮಿತಿ ದಾಟದೆ ಎಲ್ಲಿಯವರೆಗೆ ಹೋಗಬಹುದು ಎಂದು ನೋಡಿ ಬರೆದದ್ದು ಅದು. ಕೆಳಗಿನ ಅಂಕಿ ಸಾಮಾನ್ಯವಾಗಿ ಅದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ. ತಿಳಿದವರು ಕೆಳಗಿನ ಅಂಕಿಯಿಂದಲೇ ಶುರು ಮಾಡುತ್ತಾರೆ, ಸ್ವಲ್ಪ ಸ್ವಲ್ಪ ಏರಿಸುತ್ತಾರೆ, ಪಿಸ್ತೂಲು ಸರಿಯಾಗಿ ನಡೆದು ಗುರಿ ಒಂದೇ ಕಡೆ ಬೀಳತೊಡಗಿದ ಕೂಡಲೇ ನಿಲ್ಲಿಸುತ್ತಾರೆ. ಮೇಲಿನ ಅಂಕಿ ಮುಟ್ಟಲೇಬೇಕು ಅಂತೇನಿಲ್ಲ, ಬಹಳ ಜನ ಮುಟ್ಟುವುದೂ ಇಲ್ಲ. ಕೆಳಗಿನ ಅಂಕಿಗಿಂತ ಇಳಿದರೂ ತೊಂದರೆ. ಆಟೊಮ್ಯಾಟಿಕ್ ಪಿಸ್ತೂಲಿನ ಸ್ಲೈಡು (ಪ್ರತಿ ಹೊಡೆತಕ್ಕೂ ಹಿಂದೆ ಸರಿಯುವ ಮೇಲಿನ ಭಾಗ) ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಇನ್ನೂ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ.

"0.3 ಗ್ರೇನ್ ಹೆಚ್ಚಾದರೆ ಏನಾದೀತು, ಅಷ್ಟೇ ಜೋರು ಹೆಚ್ಚು" ಎಂದು ಯೋಚಿಸುವವರು ಇಲ್ಲೇ ಎಡವುತ್ತಾರೆ. ಈಗಿನ ಕಾಡತೂಸುಗಳಲ್ಲಿರುವ ಹೊಗೆರಹಿತ ಮದ್ದಿನ ಗುಣ ವಿಚಿತ್ರ. ಬಯಲಲ್ಲಿ ಒಂದು ಚಿಟಿಕೆ ಹಚ್ಚಿದರೆ ಸುರ್ ಎಂದು ಉರಿದು ಹೋಗುತ್ತದೆ, ಸಿಡಿಯುವುದಿಲ್ಲ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಒಂದಕ್ಕೊಂದು ಕುಮ್ಮಕ್ಕು. ಆದ್ದರಿಂದ ಮದ್ದಿನ ತೂಕ ನೂರಕ್ಕೆ ಹತ್ತು ಪಾಲು ಹೆಚ್ಚಾದರೆ ಒತ್ತಡವೂ ನೂರಕ್ಕೆ ಹತ್ತೇ ಪಾಲು ಹೆಚ್ಚುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅದು ಬಹಳ ಮೇಲೆ ಹೋಗುತ್ತದೆ.

ಮದ್ದನ್ನೇ ಮುಟ್ಟದೆಯೂ ಒತ್ತಡ ಏರಿಸಬಹುದು ಎಂಬುದು ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ. ಪಿಸ್ತೂಲಿನ ಕೇಸು ಬಲು ಸಣ್ಣದು. ಗುಂಡನ್ನು ಕೇಸಿನೊಳಗೆ ಎಷ್ಟು ಆಳಕ್ಕೆ ಕೂಡಿಸುತ್ತೀರಿ ಎಂಬುದರ ಮೇಲೆ ಮದ್ದಿಗೆ ಉಳಿಯುವ ಜಾಗ ನಿಂತಿದೆ. 9 ಎಂಎಂ ಕಾಡತೂಸಿನ ಮೇಲೆ ಅಮೆರಿಕದಲ್ಲಿ ಮಾಡಿದ ಹೆಸರಾದ ಒಂದು ಪ್ರಯೋಗದಲ್ಲಿ ಗುಂಡನ್ನು ಕೇವಲ 0.03 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರು ಒಳಗೆ ತಳ್ಳಿದ್ದಕ್ಕೇ ಒತ್ತಡ ಎರಡು ಪಟ್ಟು ದಾಟಿತು. ತಕ್ಕಡಿಯಲ್ಲಿ ತೂಕ ಅದೇ, ಪಟ್ಟಿಯ ಅಂಕಿಯೂ ಅದೇ. ಬದಲಾದದ್ದು ಜಾಗ ಮಾತ್ರ. ಅದಕ್ಕಾಗಿ ಆ ಪಟ್ಟಿಗಳಲ್ಲಿ ಮದ್ದಿನ ಹೆಸರಿನ ಜೊತೆ ಗುಂಡಿನ ತೂಕ, ಅದು ಬರಿ ಸೀಸದ್ದೋ ತಾಮ್ರದ ಹೊದಿಕೆಯದ್ದೋ, ಕಾಡತೂಸಿನ ಪೂರ್ತಿ ಉದ್ದ, ಕೇಪು, ಕೇಸು ಇವೆಲ್ಲ ಬರೆದಿರುತ್ತವೆ. ಒಂದನ್ನು ಬದಲಿಸಿದರೆ ಅದು ಬೇರೆಯೇ ಕಾಡತೂಸು. ಅಡುಗೆಯಲ್ಲಿ ತೊಗರಿಬೇಳೆ ಇಲ್ಲದಿದ್ದರೆ ಹೆಸರುಬೇಳೆ ಹಾಕುತ್ತೇವಲ್ಲ, ಆ ಸಲುಗೆ ಇಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಗೊಂದಲವನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಪಿಸ್ತೂಲನ್ನೂ ".32" ಎನ್ನುತ್ತಾರೆ, ರಿವಾಲ್ವರನ್ನೂ ".32" ಎನ್ನುತ್ತಾರೆ. ಎರಡರ ಕಾಡತೂಸೂ ಬೇರೆ. ಪಿಸ್ತೂಲಿನದು .32 ಎಸಿಪಿ, 7.65 ಎಂಎಂ ಎಂದೂ ಕರೆಯುತ್ತಾರೆ, ಮಿತಿ 20,500 ಪಿಎಸ್‌ಐ. ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗಿಗೆ ಮಿತಿ 15,000 ಮಾತ್ರ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಓದಿದರೆ ಏನಾಗುತ್ತದೆ ಎಂದು ನೀವೇ ಊಹಿಸಿ.

ಎರಡು ಸಲ ಮದ್ದು ಬೀಳುವ ತಪ್ಪಿನ ಬಗ್ಗೆಯೂ ಹೇಳುತ್ತೇನೆ. ಪಿಸ್ತೂಲಿಗೆ ಬಳಸುವ ಬೇಗ ಉರಿಯುವ ಮದ್ದುಗಳು ಎಷ್ಟೋ ಸಲ ಕೇಸಿನ ಅರ್ಧವೂ ತುಂಬುವುದಿಲ್ಲ. ಫೋನು ಬಂತು, ಮಗು ಕರೆಯಿತು, ತುಂಬಿದ ಕೇಸಿಗೇ ಮತ್ತೊಮ್ಮೆ ತುಂಬಿದರೂ ಹೊರಗೆ ಚೆಲ್ಲುವುದಿಲ್ಲ, ಗುಂಡು ಮೇಲೆ ಸಲೀಸಾಗಿ ಕೂರುತ್ತದೆ. ಆದ್ದರಿಂದ ಅನುಭವಿಗಳು ಮದ್ದು ಆರಿಸುವಾಗ ಪರಿಮಾಣದಲ್ಲಿ ಹೆಚ್ಚು ಜಾಗ ಹಿಡಿಯುವುದನ್ನು ನೋಡುತ್ತಾರೆ. ಎರಡು ಸಲ ಬಿದ್ದರೆ ಕೇಸು ಉಕ್ಕಿ ಚೆಲ್ಲಿ ತಾನೇ ಹೇಳಬೇಕು. ಮದ್ದಿನ ಆಯ್ಕೆಯಲ್ಲಿ ಗುಂಡಿನ ವೇಗಕ್ಕಿಂತ ಇದು ದೊಡ್ಡ ವಿಚಾರ ಎಂದು ನಾನು ಎಣಿಸುತ್ತೇನೆ.

ಜೋರಾದ ಕಾಡತೂಸೇ ಒಳ್ಳೆಯ ಕಾಡತೂಸು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮಲಿಕ್-ಎ-ಮೈದಾನ್ ನೆರಳಲ್ಲಿ ಬೆಳೆದವರು ನಾವು, ಅದೂ ಒಂದು ಕಾರಣ ಇರಬಹುದು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ 55 ಟನ್ನಿನ ಆ ತೋಪು ವಿಜಯಪುರದ ಬುರುಜಿನ ಮೇಲೆ ಇವತ್ತಿಗೂ ಮಲಗಿದೆ. ಬತ್ತಿ ಇಟ್ಟವನು ಸದ್ದಿಗೆ ಕಿವಿ ಹರಿಯದಂತೆ ಪಕ್ಕದ ತೊಟ್ಟಿಯ ನೀರಿನಲ್ಲಿ ಮುಳುಗುತ್ತಿದ್ದ ಎಂದು ಅಲ್ಲಿಗೆ ಹೋದವರಿಗೆಲ್ಲ ಹೇಳುತ್ತಾರೆ. ಆದರೆ ಗುರಿಯ ಆಟದಲ್ಲಿ ಸದ್ದಿಗೆ ಅಂಕ ಇಲ್ಲ. 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಜಗತ್ತಿನ ದೊಡ್ಡ ದೊಡ್ಡ ಗುರಿಕಾರರು ಹಿಡಿಯುವುದು ಇದೇ 15,000 ಪಿಎಸ್‌ಐ ಮಿತಿಯ .32 ಲಾಂಗ್, ಅದೂ ಮೂತಿ ಚಪ್ಪಟೆಯಾದ ಸೀಸದ ಗುಂಡು, ಮೆತ್ತಗಿನ ಈಡು. 2006ರ ದೋಹಾ ಏಷ್ಯನ್ ಗೇಮ್ಸಿನಲ್ಲಿ ಈ ಸ್ಪರ್ಧೆಯಲ್ಲೇ ಭಾರತದ ಗುರಿಕಾರ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು.

ಬೆಳಗಾವಿ ಕಡೆಯ ಒಂದು ರೇಂಜಿನಲ್ಲಿ ಒಮ್ಮೆ ನನ್ನ ಪಕ್ಕದ ಗೆಳೆಯ ಹಳೆಯ ಕಾಡತೂಸು ಹಾರಿಸುತ್ತಿದ್ದ. ಮೂರನೆಯದು "ಢಂ" ಎನ್ನುವ ಬದಲು "ಟುಪ್" ಎಂದಿತು. ಅವನು ಸ್ಲೈಡು ಎಳೆದು ಇನ್ನೊಂದು ಒತ್ತಲು ಹೊರಟಿದ್ದ. ಹಿಂದೆ ನಿಂತಿದ್ದ ತರಬೇತುದಾರರು "ನಿಲ್ಸ್ರಿ!" ಎಂದು ಕೂಗಿದ ಕೂಗು ನನಗೆ ಇನ್ನೂ ಕೇಳಿಸುತ್ತದೆ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ನಡುವೆ ನಿಂತಿತ್ತು. ಕೇಪಿನ ಬಲವಷ್ಟೇ ಅದನ್ನು ಅಲ್ಲಿಗೆ ನೂಕಿತ್ತು, ಮದ್ದು ಕೆಟ್ಟಿತ್ತು. ಹಿಂದಿನಿಂದ ಇನ್ನೊಂದು ಗುಂಡು ಬಂದಿದ್ದರೆ ನಳಿಗೆ ಸೀಳಬಹುದಿತ್ತು. ಕಾರ್ಖಾನೆಯ ಕಾಡತೂಸಿನಲ್ಲೇ ಹೀಗಾಗಬಹುದು. ಆದ್ದರಿಂದ ನೀವು ಅಂಗಡಿಯ ಕಾಡತೂಸನ್ನೇ ಹಾರಿಸುತ್ತಿದ್ದರೂ ಸದ್ದು ಸಣ್ಣದಾಯಿತೋ, ಒದೆತ ಕಡಿಮೆಯಾಯಿತೋ, ಕೈ ನಿಲ್ಲಿಸಿ. ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಮ್ಯಾಗಜೀನು ತೆಗೆದು, ಪಿಸ್ತೂಲು ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಿ. ಕಾಣದಿದ್ದರೆ ಅವತ್ತಿನ ಅಭ್ಯಾಸ ಮುಗಿಯಿತು.

ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇನಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಬಿಸಿಯಾದ ಮದ್ದು ಬೇಗ ಉರಿಯುತ್ತದೆ, ಒತ್ತಡ ಮೇಲೆ ಹೋಗುತ್ತದೆ. ತಿಂಗಳುಗಟ್ಟಲೆ ಬಿಸಿಯಲ್ಲಿಟ್ಟರೆ ಮದ್ದೇ ಹಾಳಾಗುತ್ತದೆ. ಕಾಡತೂಸನ್ನು ಡ್ಯಾಶ್‌ಬೋರ್ಡಿನಲ್ಲಿ, ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಇಡಬೇಡಿ.

ತುಟ್ಟಿ ಎಂಬ ನಿಮ್ಮ ದುಃಖ ನಿಜ, ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಪರವಾನಗಿ ಪುಸ್ತಕದಲ್ಲಿ ವರ್ಷಕ್ಕೆ ಇಷ್ಟು, ಒಮ್ಮೆಗೆ ಇಷ್ಟು ಎಂದು ಬರೆದಿರುತ್ತದೆ. ಅಷ್ಟರಲ್ಲಿ ಕೈ ಕುದುರುವುದು ಕಷ್ಟ ಅನಿಸಿದರೆ ಏರ್ ಪಿಸ್ತೂಲು ಹಿಡಿಯಿರಿ. 10 ಮೀಟರಿಗೆ ದಿನಾ ನೂರು ಪೆಲೆಟ್ಟು ಹೊಡೆದರೂ ಅಷ್ಟು ಖರ್ಚಿಲ್ಲ, ಕುದುರೆ ಒತ್ತುವ ಬೆರಳಿನ ಶಿಸ್ತು ಅಲ್ಲೇ ಬರುತ್ತದೆ.

ನೀವು ಕೊನೆಗೆ ಬರೆದ ಒಂದು ಸಾಲನ್ನು ಮೇಲೆ ಕೊಟ್ಟಿಲ್ಲ. ತೀರಿಹೋದ ಅಪ್ಪನ ಕಾಲದ ಒಂದು ಡಬ್ಬಿ ರಿವಾಲ್ವರ್ ಕಾಡತೂಸು ತಿಜೋರಿಯಲ್ಲಿದೆ, ಬಿಚ್ಚಿ ಮದ್ದು ತೆಗೆಯಬಹುದೇ ಎಂದು ಕೇಳಿದ್ದೀರಿ. ಬಿಚ್ಚಬೇಡಿ. ಆ ಮದ್ದಿನ ಹೆಸರು, ವಯಸ್ಸು, ಉರಿಯುವ ವೇಗ ಯಾವುದೂ ನಿಮಗೆ ತಿಳಿದಿಲ್ಲ, ತಿಳಿಯದ ಮದ್ದಿಗೆ ಯಾವ ಪಟ್ಟಿಯೂ ಇಲ್ಲ. ಆ ರಿವಾಲ್ವರು ನಿಮ್ಮ ಪರವಾನಗಿಯಲ್ಲಿ ಇಲ್ಲವಾದರೆ ಅದರ ಕಾಡತೂಸು ನಿಮ್ಮ ಮನೆಯಲ್ಲಿರುವುದೇ ತಪ್ಪಾಗುತ್ತದೆ. ಇಂಥದ್ದಕ್ಕೆ ಕಾಯ್ದೆಯ 21ನೇ ಕಲಮಿನಲ್ಲಿ ದಾರಿ ಇದೆ. ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲೋ ಜಮಾ ಮಾಡಬೇಕು. ಮೊದಲು ಠಾಣೆಗೆ ಫೋನು ಮಾಡಿ ವಿಷಯ ತಿಳಿಸಿ, ಅಪ್ಪನ ಹಳೆಯ ಪರವಾನಗಿ ಪುಸ್ತಕ ಸಿಕ್ಕರೆ ಜೊತೆಗಿಟ್ಟುಕೊಂಡು ಹೋಗಿ. ಎಣಿಸಿ ಕೊಡಿ, ಎಣಿಕೆ ಬರೆದ ರಸೀದಿ ಇಸಿದುಕೊಳ್ಳಿ.