ಕೈಗಾ: ಅಲುಗಾಡದ ಅಂಕಿ

ಊರಿನಲ್ಲಿ ಕರೆಂಟ್ ಹೋದಾಗಲೆಲ್ಲ ನೆಂಟರಿಷ್ಟರು ನನಗೆ ಫೋನ್ ಮಾಡುತ್ತಾರೆ. ಯಾವ ಸ್ಥಾವರ ಯಾವಾಗ ಎಷ್ಟು ವಿದ್ಯುತ್ ಕೊಡಬೇಕೆಂದು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ವರ್ಷಗಟ್ಟಲೆ ಶಿಫ್ಟ್ ಮಾಡಿ ನಿವೃತ್ತನಾದವನ ಕರ್ಮ ಅದು. ಹೋಗಿರುವುದು ಬೀದಿಯ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಅಷ್ಟೇ ಆಗಿದ್ದರೂ ಪ್ರಶ್ನೆ ಮಾತ್ರ ದೊಡ್ಡದು: "ನಮ್ಮಲ್ಲೇ ಕೈಗಾ ಇದೆಯಲ್ಲ, ಮತ್ತೇಕೆ ಕತ್ತಲೆ?"

ಮೊದಲು ಲೆಕ್ಕ. ಕಾಳಿ ನದಿಯ ದಂಡೆಯ ಕೈಗಾ ಪರಮಾಣು ಸ್ಥಾವರದಲ್ಲಿ ಈಗ ಇರುವುದು ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು, ಒಟ್ಟು 880. ದಿನವಿಡೀ ಪೂರ್ತಿ ನಡೆದರೆ ಸುಮಾರು 2.1 ಕೋಟಿ ಯೂನಿಟ್. ಕಡುಬೇಸಿಗೆಯಲ್ಲಿ ಕರ್ನಾಟಕದ ಒಂದು ದಿನದ ಬಳಕೆ 30 ಕೋಟಿ ಯೂನಿಟ್ ದಾಟುತ್ತದೆ. ಕೈಗಾದ ವಿದ್ಯುತ್ತಿನಲ್ಲಿ ನೆರೆರಾಜ್ಯಗಳಿಗೂ ಪಾಲಿದೆ. ಅದೊಂದನ್ನೇ ನಂಬಿ ರಾಜ್ಯ ಸಂಸಾರ ನಡೆಸಲಾಗದು.

ಅದರ ಬೆಲೆ ಇರುವುದು ಬೇರೆ ಕಡೆ. ನಮ್ಮ ಪರದೆಯಲ್ಲಿ ಶರಾವತಿಯ ಅಂಕಿ ನಾವು ಕೇಳಿದ ಹಾಗೆ ನಿಮಿಷಗಳಲ್ಲಿ ಏರಿಳಿಯುತ್ತಿತ್ತು. ಪಾವಗಡದ ಸೌರ ಪಾರ್ಕಿನದು ಮೋಡ ಸರಿದಂತೆಲ್ಲ ಕುಣಿಯುತ್ತದೆ. ಮಳೆಗಾಲದಲ್ಲಿ ಕಲ್ಲಿದ್ದಲು ನೆನೆದರೆ ಶಾಖೋತ್ಪನ್ನ ಸ್ಥಾವರಗಳು ಏದುಸಿರು ಬಿಡುತ್ತವೆ. ಕೈಗಾದ ಅಂಕಿ ಮಾತ್ರ ಅಲ್ಲೇ. ಗಂಟೆಗೊಮ್ಮೆ ಲಾಗ್ ಪುಸ್ತಕ ತುಂಬುವಾಗ ಆ ಅಂಕಣವನ್ನು ಕೈ ತಾನಾಗಿಯೇ ಬರೆಯುತ್ತಿತ್ತು.

ಈ ಸ್ಥಿರತೆಯ ಗುಟ್ಟು ಇಂಧನ ತುಂಬುವ ರೀತಿಯಲ್ಲಿದೆ. ಕೈಗಾದವು ನೈಸರ್ಗಿಕ ಯುರೇನಿಯಂ ಬಳಸುವ ಭಾರಜಲ ರಿಯಾಕ್ಟರುಗಳು. ಒಂದೊಂದರಲ್ಲೂ ಅಡ್ಡಡ್ಡ ಮಲಗಿಸಿದ 306 ಕೊಳವೆಗಳು, ಪ್ರತಿ ಕೊಳವೆಯಲ್ಲಿ ಅರ್ಧ ಮೀಟರ್ ಉದ್ದದ 12 ಇಂಧನ ಕಟ್ಟುಗಳು. ಒಂದು ತುದಿಯಿಂದ ಒಂದು ಯಂತ್ರ ಹೊಸ ಕಟ್ಟನ್ನು ತಳ್ಳಿದರೆ, ಇನ್ನೊಂದು ತುದಿಯಲ್ಲಿ ಮತ್ತೊಂದು ಯಂತ್ರ ಉರಿದ ಕಟ್ಟನ್ನು ಹಿಡಿದುಕೊಳ್ಳುತ್ತದೆ. ರಿಯಾಕ್ಟರ್ ನಿಲ್ಲಿಸಬೇಕಾಗಿಯೇ ಇಲ್ಲ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿದ್ದು ಹೀಗೆ. ಆ ದಾಖಲೆಯನ್ನು ಆಮೇಲೆ ಮುರಿದ ಕೆನಡಾದ ಡಾರ್ಲಿಂಗ್ಟನ್ ಘಟಕವೂ ಇದೇ ಜಾತಿಯದು.

ಆದರೆ ನಡೆಯುವುದರಲ್ಲಿ ಎಷ್ಟು ಸಾಧುವೋ, ನಿಂತರೆ ಅಷ್ಟೇ ಹಟಮಾರಿ. ಒಂದು ಜೂನ್ ರಾತ್ರಿ ಸಿಡಿಲಿಗೆ ವಿದ್ಯುತ್ ಸಾಗಿಸುವ ಲೈನ್ ಕೈಕೊಟ್ಟು ಪರಮಾಣು ಘಟಕವೊಂದು ಟ್ರಿಪ್ ಆಯಿತು, ಅಂದರೆ ತಾನಾಗಿ ನಿಂತುಬಿಟ್ಟಿತು. ಎಲ್ಲಿಯದು ಎಂಬುದು ಇಲ್ಲಿ ಬೇಡ. ಅಲ್ಲಿನ ಶಿಫ್ಟ್ ಎಂಜಿನಿಯರ್ ಫೋನಿನಲ್ಲಿ ಶಾಂತವಾಗಿಯೇ ಹೇಳಿದರು: "ಸರ್, ಅರ್ಧ ಗಂಟೆಯೊಳಗೆ ಲೈನ್ ಕೊಟ್ಟರೆ ಸರಿ. ಇಲ್ಲವಾದರೆ ನಾಡಿದ್ದು ಮಾತನಾಡೋಣ." ತಮಾಷೆಯಲ್ಲ. ರಿಯಾಕ್ಟರ್ ನಿಂತ ಮೇಲೆ ಒಳಗಿನ ಅಯೋಡಿನ್ ಕ್ಷಯಿಸಿ ಕ್ಸೆನಾನ್ ಶೇಖರವಾಗುತ್ತದೆ. ವಿದಳನ ಕ್ರಿಯೆ ನಡೆಸಬೇಕಾದ ನ್ಯೂಟ್ರಾನುಗಳನ್ನೇ ಅದು ನುಂಗಿಹಾಕುತ್ತದೆ. ಅದು ತಾನಾಗಿ ಕರಗುವವರೆಗೆ, ಹೆಚ್ಚುಕಡಿಮೆ ಒಂದೂವರೆ ದಿನ, ಯಾರೇನು ಮಾಡಿದರೂ ಘಟಕ ಏಳುವುದಿಲ್ಲ. ನಮಗೆ ಲೈನ್ ಸಿಕ್ಕಿದ್ದು 41ನೇ ನಿಮಿಷಕ್ಕೆ. ಬೆಳಗಿನವರೆಗೂ ಜಲವಿದ್ಯುತ್ ಕೇಂದ್ರಗಳಿಗೆ ಒಂದೊಂದಾಗಿ ಫೋನ್ ಮಾಡಿ ಗೋಗರೆದದ್ದು ನೆನಪಿದೆ.

ಹಾಗಾಗಿ ಮಧ್ಯಾಹ್ನ ಸೌರವಿದ್ಯುತ್ ಉಕ್ಕಿ ಬಂದಾಗ ನಾವು ತಗ್ಗಿಸುವುದು ಕಲ್ಲಿದ್ದಲಿನ ಘಟಕಗಳನ್ನು, ಕೈಗಾವನ್ನಲ್ಲ. ತಗ್ಗಿಸಿದರೆ ಉಳಿಯುವ ಹಣವೂ ಅಷ್ಟಕ್ಕಷ್ಟೇ. ಪರಮಾಣು ಸ್ಥಾವರದ ಖರ್ಚಿನ ಬಹುಪಾಲು ಕಟ್ಟುವಾಗಲೇ ಆಗಿಹೋಗಿರುತ್ತದೆ. 'ಸೌರ ಇರುವಾಗ ಕೈಗಾ ಏಕೆ' ಎನ್ನುವವರು ಸಂಜೆ ಆರೂವರೆಗೆ ಆ ಪರದೆಯ ಮುಂದೆ ಹತ್ತು ನಿಮಿಷ ಕುಳಿತು ನೋಡಬೇಕು.

ಘಟಕ ಚಿಕ್ಕದಾಗಿದ್ದುದೂ ನಮ್ಮ ಪುಣ್ಯ. ದಕ್ಷಿಣದ ಗ್ರಿಡ್ (ದಕ್ಷಿಣ ರಾಜ್ಯಗಳ ವಿದ್ಯುತ್ ಜಾಲ) ದೇಶದ ಉಳಿದ ಗ್ರಿಡ್‌ನೊಂದಿಗೆ ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ. ಅದಕ್ಕೂ ಮೊದಲು ನಮ್ಮದು ಒಂಟಿ ಸಂಸಾರ. 220 ಮೆಗಾವ್ಯಾಟ್ ಹಠಾತ್ತನೆ ಹೋದರೆ ಗ್ರಿಡ್‌ನ ಆವರ್ತನ (ಫ್ರೀಕ್ವೆನ್ಸಿ) ಕುಸಿದರೂ ಸಾವರಿಸಿಕೊಳ್ಳುತ್ತಿದ್ದೆವು. ಕೂಡಂಕುಳಂನ ಒಂದೊಂದು ಘಟಕ 1000 ಮೆಗಾವ್ಯಾಟ್‌ನದು. ಅಷ್ಟು ದೊಡ್ಡ ಹೊಡೆತ ತಾಳಲು ಗ್ರಿಡ್‌ಗೂ ಅಷ್ಟೇ ಮೈ ಬೇಕು.

ಕೈಗಾದಲ್ಲೇ ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳು ಬರಲಿವೆ. ಅವುಗಳಲ್ಲಿ ಒಂದು ಟ್ರಿಪ್ ಆದ ರಾತ್ರಿ, ಆ ಜಾಗ ತುಂಬಲು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಲ್ಲಿ ಏಳನ್ನು ಎಬ್ಬಿಸಬೇಕಾಗುತ್ತದೆ. ಲಿಂಗನಮಕ್ಕಿಯಲ್ಲಿ ನೀರಿದ್ದರೆ.