ಲಿಮಾದ ಉಗ್ರಾಣದಲ್ಲಿ ಮೋಚೆ ಹೂಜಿಗಳು

ಪೆರು ದೇಶದ ಲಿಮಾ ನಗರದಲ್ಲಿ ಲಾರ್ಕೊ ಮ್ಯೂಸಿಯಂ ಇದೆ. 1926ರಲ್ಲಿ ಅದನ್ನು ಶುರು ಮಾಡಿದವರು ರಫಾಯೆಲ್ ಲಾರ್ಕೊ ಹೊಯ್ಲೆ. ಎಷ್ಟೋ ಮ್ಯೂಸಿಯಂಗಳು ಒಂದಷ್ಟನ್ನು ಮಾತ್ರ ಗಾಜಿನೊಳಗೆ ಜೋಡಿಸಿ ಉಳಿದದ್ದಕ್ಕೆ ಬೀಗ ಹಾಕುತ್ತವೆ. ಇಲ್ಲಿ ಹಾಗಲ್ಲ, ಉಗ್ರಾಣದೊಳಕ್ಕೂ ಜನರನ್ನು ಬಿಡುತ್ತಾರೆ. ಕಪಾಟುಗಳ ತುಂಬ ಸಾವಿರಾರು ಮಣ್ಣಿನ ವಸ್ತುಗಳು. ಹಕ್ಕಿಗಳೆಲ್ಲ ಒಂದು ಕಡೆ, ಮನುಷ್ಯರ ಮುಖಗಳೆಲ್ಲ ಇನ್ನೊಂದು ಕಡೆ. ಈ ಮ್ಯೂಸಿಯಂಗೆ ಹೋದರೆ ಚಿನ್ನದ ಕೋಣೆಗಿಂತ ಜಾಸ್ತಿ ಹೊತ್ತು ಇಲ್ಲೇ ಕಳೆಯಬೇಕು ಅಂತ ನನ್ನ ಅಭಿಪ್ರಾಯ. ಒಂದೇ ಬಗೆಯ ನೂರು ಹೂಜಿ ಒಟ್ಟಿಗೆ ಕಂಡಾಗಲೇ ಅವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳೋದು.

ಮೋಚೆ ಜನರ ಹೂಜಿಯನ್ನೇ ನೋಡಿ. ಇವರು ಸುಮಾರು ಕ್ರಿ.ಶ. 100ರಿಂದ 800ರವರೆಗೆ ಪೆರುವಿನ ಉತ್ತರ ಕರಾವಳಿಯಲ್ಲಿದ್ದವರು. ಹೂಜಿಯ ಹೆಗಲಿನಿಂದ ಎರಡು ಕೊಳವೆಗಳು ಎದ್ದು, ಬಾಗಿ, ಮೇಲೆ ಕೂಡಿ ಒಂದೇ ಬಾಯಾಗುತ್ತವೆ. ಆ ಕಮಾನೇ ಹಿಡಿಯೂ ಹೌದು. ಲಾರ್ಕೊ ಈ ಬಾಯನ್ನೇ ಹಿಡಿದು ಕಾಲ ಲೆಕ್ಕ ಹಾಕಿದರು. ಮೊದಲ ಹಂತದಲ್ಲಿ ಬಾಯಿ ಗಿಡ್ಡ, ಅಂಚು ಉಬ್ಬಿರುತ್ತದೆ. ಮೂರನೆಯದರಲ್ಲಿ ಮೇಲಕ್ಕೆ ಅಗಲವಾಗುತ್ತದೆ. ನಾಲ್ಕನೆಯದರಲ್ಲಿ ಉದ್ದ, ನೆಟ್ಟಗೆ. ಐದನೆಯದರಲ್ಲಿ ತುದಿಗೆ ಹೋದಂತೆ ಕಿರಿದು. 1948ರಲ್ಲಿ ಪ್ರಕಟವಾದ ಈ ಐದು ಹಂತಗಳನ್ನು ಇವತ್ತಿಗೂ ಬಳಸುತ್ತಾರೆ. ಆದರೆ ದಕ್ಷಿಣದ ಕಣಿವೆಗಳಿಗೆ ಹೊಂದಿದಷ್ಟು ಚೆನ್ನಾಗಿ ಉತ್ತರದ ಕಣಿವೆಗಳಿಗೆ ಇದು ಹೊಂದುವುದಿಲ್ಲ ಅಂತ ಆಮೇಲಿನ ಉತ್ಖನನಗಳು ತೋರಿಸಿವೆ.

ಈ ಕುಂಬಾರರ ಹತ್ತಿರ ತಿಗರಿ ಇರಲಿಲ್ಲ. ಮೊದಲು ಒಂದು ಮೂಲ ಗೊಂಬೆ ಮಾಡುತ್ತಿದ್ದರು. ಅದರ ಮೇಲೆ ಜೇಡಿಮಣ್ಣು ಒತ್ತಿ, ಎರಡು ಹೋಳಾಗಿ ತೆಗೆದು, ಸುಟ್ಟರೆ ಅಚ್ಚು ಸಿದ್ಧ. ಅಚ್ಚಿನ ಒಂದೊಂದು ಹೋಳಿಗೂ ಒಳಗಿನಿಂದ ಮಣ್ಣು ಒತ್ತಿ ಎರಡನ್ನೂ ಸೇರಿಸುತ್ತಿದ್ದರು. ಹೊರಗಿನ ಬೆಸುಗೆಯನ್ನು ಉಜ್ಜಿ ಅಳಿಸಿಬಿಡಬಹುದು. ಆದರೆ ಬಾಯಿ ಇಷ್ಟು ಕಿರಿದಾದ ಹೂಜಿಯೊಳಗೆ ಕೈ ಹೋಗುವುದಿಲ್ಲವಲ್ಲ! ಹಾಗಾಗಿ ಒಳಗಿನ ಬೆಸುಗೆ ಉಳಿದುಕೊಳ್ಳುತ್ತದೆ, ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ.

ಅದೇ ಉಗ್ರಾಣದಲ್ಲಿ ಕಪ್ಪು ಹೂಜಿಗಳೂ ಇವೆ. ಅವು ಹೆಚ್ಚಾಗಿ ಮೋಚೆಗಳ ನಂತರ ಬಂದ ಚಿಮು ಜನರವು. ಬಣ್ಣ ಬಳಿದದ್ದಲ್ಲ, ಬೆಂಕಿಯ ಕೆಲಸ. ಆವಿಗೆಗೆ ಗಾಳಿ ಚೆನ್ನಾಗಿ ಸಿಕ್ಕರೆ ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿಸಿದರೆ ಆಮ್ಲಜನಕ ಸಾಲದೆ ಕಬ್ಬಿಣ ಕಪ್ಪಿಗೆ ತಿರುಗುತ್ತದೆ, ಮಸಿಯೂ ಮಣ್ಣಿಗೆ ಇಳಿಯುತ್ತದೆ. ನಮ್ಮ ಬ್ರಹ್ಮಗಿರಿ, ಮಸ್ಕಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳ ಹಿಂದೆಯೂ ಇದೇ ರಸಾಯನಶಾಸ್ತ್ರ.

ಕೆಲವು ಜೋಡಿ ಹೂಜಿಗಳು ಸಿಳ್ಳೆ ಹಾಕುತ್ತವೆ. ಎರಡರ ನಡುವೆ ಒಂದು ಕೊಳವೆ, ಒಂದರ ಮೇಲೆ ಪುಟ್ಟ ಹಕ್ಕಿ. ನೀರು ತುಂಬಿ ವಾಲಿಸಿದರೆ ನೀರು ಆಚೆಗೆ ಹರಿದು ಅಲ್ಲಿದ್ದ ಗಾಳಿಯನ್ನು ತಳ್ಳುತ್ತದೆ. ಆ ಗಾಳಿ ಹಕ್ಕಿಯೊಳಗೆ ಅಡಗಿರುವ ಟೊಳ್ಳು ಉಂಡೆಯ ಅಂಚಿಗೆ ಬಡಿದು ಸದ್ದಾಗುತ್ತದೆ. ಎಂಥ ಜಾಣ್ಮೆ, ಅಲ್ವಾ?

ಮುಖದ ಹೂಜಿಗಳಂತೂ ನಿಜವಾದ ಮನುಷ್ಯರವೇ. ಮೇಲ್ತುಟಿಯಲ್ಲಿ ಗಾಯದ ಗುರುತಿರುವ ಒಬ್ಬನ ಮುಖವನ್ನು ಪುರಾತತ್ವಜ್ಞ ಕ್ರಿಸ್ಟಫರ್ ಡೊನನ್ 40ಕ್ಕೂ ಹೆಚ್ಚು ಹೂಜಿಗಳಲ್ಲಿ ಗುರುತಿಸಿದ್ದಾರೆ. ಕೆಲವದರಲ್ಲಿ ಅವನು ಹತ್ತು ವರ್ಷದ ಹುಡುಗ, ಕೆಲವದರಲ್ಲಿ ಮೂವತ್ತು ದಾಟಿದ ಗಂಡಸು. ಮೋಚೆ ಜನರಿಗೆ ಲಿಪಿ ಇರಲಿಲ್ಲ, ಅವನ ಹೆಸರು ನಮಗೆ ಸಿಕ್ಕಿಲ್ಲ. ಮುಖ ಮಾತ್ರ ಹುಡುಗನಿಂದ ದೊಡ್ಡವನಾಗುವ ತನಕ ಸಿಕ್ಕಿದೆ.

ಒಂದು ಸಂಕಟ ಉಂಟು. ಇಂಥ ಹೂಜಿಗಳಲ್ಲಿ ಎಷ್ಟೋ ಗೋರಿ ಅಗೆದು ಮಾರುವವರ ಕೈ ದಾಟಿ ಬಂದವು. ಯಾರ ಪಕ್ಕದಲ್ಲಿದ್ದವು, ಜೊತೆಗೆ ಏನಿತ್ತು ಎಂಬುದೆಲ್ಲ ಮಣ್ಣುಪಾಲು. ಕ್ರಮವಾಗಿ ಅಗೆದರೆ ಏನು ಸಿಗುತ್ತದೆ ಅನ್ನುವುದಕ್ಕೆ ಸಿಪಾನ್ ಸಾಕ್ಷಿ. ಮೋಚೆ ಹೂಜಿಗಳ ಮೇಲೆ ಸೆರೆಯಾಳುಗಳ ಬಲಿಯ ಚಿತ್ರವಿದೆ. ಅದು ಬರೀ ಪುರಾಣ ಇರಬಹುದು ಅಂದುಕೊಂಡವರು ಬಹಳ ಜನ. 1987ರಲ್ಲಿ ವಾಲ್ಟರ್ ಆಲ್ವಾ ಸಿಪಾನ್‌ನಲ್ಲಿ ಗೋರಿ ತೆರೆದಾಗ, ಚಿತ್ರದ ಮುಖ್ಯ ಯೋಧನ ಒಡವೆಗಳನ್ನೇ ತೊಟ್ಟ ದೊರೆ ಅಲ್ಲಿ ಮಲಗಿದ್ದ. 1991ರಲ್ಲಿ ಸಾನ್ ಹೊಸೆ ದೆ ಮೊರೊದಲ್ಲಿ ಒಬ್ಬ ಹೆಂಗಸಿನ ಗೋರಿ ಸಿಕ್ಕಿತು. ಜೊತೆಗೆ ಒಂದು ಎತ್ತರದ ಬಟ್ಟಲು, ತಲೆಯುಡುಗೆ. ಎರಡೂ ಅದೇ ಚಿತ್ರದ ಪೂಜಾರಿಣಿಯ ಗುರುತುಗಳು.